ಚಿಕ್ಕ ಗಣಿ ಕಂಪನಿಯ ಆರ್ಥಿಕ ಬಲವನ್ನು ಅಳೆಯುವ ಬಗೆ

ಸಂಡೂರು, ಹೊಸಪೇಟೆ, ಹೊಳಲ್ಕೆರೆ ಕಡೆಯ ಚಿಕ್ಕ ಗಣಿ ಕಂಪನಿಯೊಂದಕ್ಕೆ ಟಿಪ್ಪರ್ ಬಾಡಿಗೆಗೆ ಕೊಡುವವರು, ಡೀಸೆಲ್ ಉದ್ರಿ ಕೊಡುವ ಬಂಕಿನವರು, ಸಾಲದ ಅರ್ಜಿ ಪರಿಶೀಲಿಸುವ ಸಹಕಾರಿ ಬ್ಯಾಂಕಿನವರು, ಉಳಿತಾಯದ ಹಣದಲ್ಲಿ ಷೇರು ಕೊಳ್ಳುವವರು, ಇವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಂಪನಿ ಕೊಟ್ಟ ಮಾತಿನಂತೆ ಹಣ ತೀರಿಸುವಷ್ಟು ಗಟ್ಟಿಯಾಗಿದೆಯೇ? ಬೇರೆ ಉದ್ಯಮಗಳನ್ನು ಅಳೆಯುವ ಕೋಲಿನಿಂದಲೇ ಗಣಿಯನ್ನೂ ಅಳೆದರೆ ಉತ್ತರ ತಪ್ಪುತ್ತದೆ. ರೈಸ್ ಮಿಲ್ಲಿನವನು ಈ ವರ್ಷ ಅಕ್ಕಿ ಮಾರಿದರೆ ಮುಂದಿನ ವರ್ಷಕ್ಕೆ ಮಿಲ್ಲು ಉಳಿದಿರುತ್ತದೆ. ಗಣಿಯಲ್ಲಾದರೆ ಬೆಳೆಯ ಜೊತೆಗೆ ಹೊಲದ ಮಣ್ಣೂ ಮಾರಿಹೋಗಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆ ಆದೇಶ ವಿಸ್ತರಿಸಿತು. ನಿಯಮ ಉಲ್ಲಂಘನೆಯ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ 45 ಗಣಿಗಳು ಎ ವರ್ಗಕ್ಕೆ, 72 ಬಿ ವರ್ಗಕ್ಕೆ, 49 ಸಿ ವರ್ಗಕ್ಕೆ ಸೇರಿದವು. ತಪ್ಪು ತೀರ ಕಡಿಮೆ ಎಂದು ಕಂಡುಬಂದ ಎ ವರ್ಗದ ಕೆಲವು ಗಣಿಗಳಿಗೂ ಮತ್ತೆ ಕೆಲಸ ಆರಂಭಿಸಲು ಅನುಮತಿ ಸಿಕ್ಕಿದ್ದು 2012ರ ಸೆಪ್ಟೆಂಬರಿನಲ್ಲಿ, ಅಂದರೆ ಹದಿಮೂರು ತಿಂಗಳ ನಂತರ. ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಆದ್ದರಿಂದ ಗಣಿ ಕಂಪನಿಯ ಬಲವನ್ನು ಲಾರಿಗಳು ಓಡುತ್ತಿರುವಾಗಿನ ಲಾಭದಿಂದ ಅಳೆಯಬಾರದು. ಲಾರಿಗಳು ನಿಂತರೆ ಎಷ್ಟು ತಿಂಗಳು ಸಾಲ ತೀರಿಸುತ್ತಾ ಬದುಕಬಲ್ಲದು ಎಂಬುದರಿಂದ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೆಕ್ಕಪತ್ರ ನೋಡುವ ಕೆಲಸದಲ್ಲಿ ನಾನು ಅನುಸರಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಗುತ್ತಿಗೆ, ಆಮೇಲೆ ಲೆಕ್ಕ

ಬ್ಯಾಲೆನ್ಸ್ ಶೀಟ್ ತೆರೆಯುವ ಮೊದಲು ಗುತ್ತಿಗೆ ಪತ್ರವನ್ನು ಕೇಳಿ ಪಡೆಯಿರಿ. ಗಣಿ ಮತ್ತು ಖನಿಜಗಳ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರ ಹೊಸ ಗುತ್ತಿಗೆಗಳು ಹರಾಜಿನ ಮೂಲಕ 50 ವರ್ಷಗಳ ಅವಧಿಗೆ ಸಿಗುತ್ತವೆ. ಹಳೆಯ ಗುತ್ತಿಗೆಗಳಲ್ಲಿ ಸ್ವಂತ ಕಾರ್ಖಾನೆಗಾಗಿ ಅದಿರು ತೆಗೆಯುವವರಿಗೆ 2030ರ ಮಾರ್ಚ್ 31ರವರೆಗೆ, ಮಾರಾಟಕ್ಕಾಗಿ ತೆಗೆಯುವವರಿಗೆ 2020ರ ಮಾರ್ಚ್ 31ರವರೆಗೆ, ಇಲ್ಲವೇ ನವೀಕರಣದ ಅವಧಿ ಮುಗಿಯುವವರೆಗೆ, ಇಲ್ಲವೇ ಮೂಲ ಗುತ್ತಿಗೆಯಿಂದ 50 ವರ್ಷ ತುಂಬುವವರೆಗೆ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಅವಧಿ ಇದೆ. ಉಳಿದ ವರ್ಷಗಳನ್ನು ಒಂದು ಹಾಳೆಯ ತುದಿಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಪ್ರತಿಯೊಂದು ಅಂಕಿಯನ್ನೂ ಅದರೊಂದಿಗೆ ಹೋಲಿಸಬೇಕಾಗುತ್ತದೆ. ಆರು ವರ್ಷ ಮಾತ್ರ ಉಳಿದಿರುವ ಗುತ್ತಿಗೆಯಲ್ಲಿ ಕ್ರಷರ್ ಘಟಕದ ಸವಕಳಿಯನ್ನು ಹದಿನೈದು ವರ್ಷಕ್ಕೆ ಹಂಚಿದ್ದರೆ ಲಾಭ ಉಬ್ಬಿರುತ್ತದೆ. ಬ್ಯಾಂಕಿನ ಸಾಲದ ಕಂತು ಎಂಟು ವರ್ಷದವರೆಗೆ ಇದ್ದರೆ ಕೊನೆಯ ಎರಡು ವರ್ಷದ ಕಂತಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು.

ಗುತ್ತಿಗೆಯ ಜೊತೆಗೆ ಪರಿಸರ ಅನುಮತಿ, ಅರಣ್ಯ ಭೂಮಿಯಾದರೆ ಅರಣ್ಯ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇವುಗಳ ದಿನಾಂಕ ಮತ್ತು ಪ್ರಮಾಣ ನೋಡಿ. ಕರ್ನಾಟಕದ ಈ ಮೂರು ಜಿಲ್ಲೆಗಳ ಕಬ್ಬಿಣದ ಅದಿರಿಗೆ ಇನ್ನೊಂದು ಮಿತಿಯಿದೆ: ಒಟ್ಟು ವಾರ್ಷಿಕ ಉತ್ಪಾದನೆಗೆ ಸುಪ್ರೀಂ ಕೋರ್ಟ್ ಹಾಕಿದ ಮಿತಿಯನ್ನು 2022ರ ಆಗಸ್ಟಿನಲ್ಲಿ ಬಳ್ಳಾರಿಗೆ 3.5 ಕೋಟಿ ಟನ್‌ಗೆ, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 1.5 ಕೋಟಿ ಟನ್‌ಗೆ ಏರಿಸಲಾಯಿತು. ಈ ಒಟ್ಟು ಮಿತಿಯ ಒಳಗೆ ಪ್ರತಿ ಗಣಿಗೂ ತನ್ನದೇ ಆದ ಗರಿಷ್ಠ ಪ್ರಮಾಣವಿರುತ್ತದೆ. ಕಂಪನಿಯವರು "ಮುಂದಿನ ವರ್ಷ ಉತ್ಪಾದನೆ ದುಪ್ಪಟ್ಟು" ಎಂದು ಹೇಳಿದರೆ ಆ ಪ್ರಮಾಣಕ್ಕೆ ಅನುಮತಿ ಬಂದ ಪತ್ರವನ್ನು ತೋರಿಸಲು ಕೇಳಿ.

ಅದಿರು ಎಷ್ಟಿದೆ ಎಂಬುದಕ್ಕೆ ಭಾರತೀಯ ಗಣಿ ಬ್ಯೂರೋ ಅನುಮೋದಿಸಿದ ಗಣಿ ಯೋಜನೆಯೇ ಆಧಾರ. ಅದರಲ್ಲಿ 111 ಎಂಬ ಸಂಕೇತದ ಪ್ರಮಾಣ ಸಾಬೀತಾದ ನಿಕ್ಷೇಪ. 121 ಮತ್ತು 122 ಇರಬಹುದೆಂದು ಅಂದಾಜಿಸಿದ ನಿಕ್ಷೇಪ. ಉಳಿದ ಸಂಕೇತಗಳ ಅಡಿಯ ಟನ್ನುಗಳನ್ನು ಸಾಲ ತೀರಿಸುವ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ಟನ್ನಿನ ಲೆಕ್ಕ

ಇಡೀ ಕಂಪನಿಯ ಲಾಭ ನಷ್ಟಕ್ಕಿಂತ ಒಂದು ಟನ್ನಿನ ಲೆಕ್ಕ ಹೆಚ್ಚು ಸತ್ಯ ಹೇಳುತ್ತದೆ. ಕಬ್ಬಿಣದ ಅದಿರಿನ ರಾಜಧನವು (ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಗಣಿ ಬ್ಯೂರೋ ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯ ಶೇ 15. ಗಣಿಬಾಧಿತ ಪ್ರದೇಶದ ಜನರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಆ ರಾಜಧನದ ಶೇ 30 ಹಳೆಯ ಗುತ್ತಿಗೆಯವರು, ಶೇ 10 ಹರಾಜಿನಲ್ಲಿ ಪಡೆದವರು ಕಟ್ಟಬೇಕು. ಹರಾಜಿನಲ್ಲಿ ಪಡೆದವರು ಇದರ ಮೇಲೆ ತಾವು ಕೂಗಿದ ಪ್ರೀಮಿಯಂ ಕೊಡಬೇಕು. ಅದನ್ನೂ ಲೆಕ್ಕ ಹಾಕುವುದು ಪ್ರಕಟಿತ ಸರಾಸರಿ ಬೆಲೆಯ ಮೇಲೆಯೇ, ಕಂಪನಿಗೆ ನಿಜವಾಗಿ ಸಿಕ್ಕ ಬೆಲೆಯ ಮೇಲಲ್ಲ.

ಕಲ್ಪಿತ ಅಂಕಿಗಳಲ್ಲಿ ನೋಡೋಣ. ಕಂಪನಿ ಟನ್ನಿಗೆ 3,000 ರೂಪಾಯಿಯಂತೆ ಮಾರುತ್ತದೆ, ಪ್ರಕಟಿತ ಸರಾಸರಿ ಬೆಲೆ 2,800 ರೂಪಾಯಿ, ಪ್ರೀಮಿಯಂ ಶೇ 80 ಎಂದುಕೊಳ್ಳಿ. ರಾಜಧನ 420, ಪ್ರತಿಷ್ಠಾನಕ್ಕೆ 42, ಪ್ರೀಮಿಯಂ 2,240. ಒಟ್ಟು 2,702 ರೂಪಾಯಿ ಸರ್ಕಾರದ ಕಡೆಗೆ ಹೋಯಿತು. ಉಳಿದ 298 ರೂಪಾಯಿಯಲ್ಲಿ ಡ್ರಿಲ್ಲಿಂಗ್, ಬ್ಲಾಸ್ಟಿಂಗ್, ಅಗೆತ, ಸಾಗಣೆ, ಸಂಬಳ, ಬಡ್ಡಿ ಎಲ್ಲವೂ ನಡೆಯಬೇಕು. ಉಕ್ಕಿನ ಕಾರ್ಖಾನೆ ಇರುವವರು ಇಂಥ ಗಣಿಯನ್ನು ಅದಿರಿನ ಭದ್ರತೆಗಾಗಿ ಹಿಡಿದಿಟ್ಟುಕೊಳ್ಳಬಹುದು. ಅದಿರು ಮಾರಿಯೇ ಬದುಕಬೇಕಾದ ಚಿಕ್ಕ ಕಂಪನಿಗೆ ಅದು ನೇಣು. ಅದೇ ಅದಿರು ಹಳೆಯ ಗುತ್ತಿಗೆಯದಾದರೆ ರಾಜಧನ 420, ಪ್ರತಿಷ್ಠಾನಕ್ಕೆ 126 ಮಾತ್ರ ಹೋಗಿ 2,454 ರೂಪಾಯಿ ಉಳಿಯುತ್ತದೆ. ಅಕ್ಕಪಕ್ಕದ ಎರಡು ಗಣಿಗಳು ಹೊರಗಿನಿಂದ ಒಂದೇ ತರಹ ಕಂಡರೂ ಅವುಗಳ ಬಲದಲ್ಲಿ ಇಷ್ಟು ಅಂತರ ಇರಬಹುದು. ಪರಿಹಾರ ಮತ್ತು ಪುನಶ್ಚೇತನಕ್ಕಾಗಿ ಕೋರ್ಟ್ ಆದೇಶದಂತೆ ಕಡಿತವಾಗುವ ಪಾಲನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಖರ್ಚಿನ ಕಡೆ ಮುಖ್ಯವಾಗಿ ನೋಡಬೇಕಾದದ್ದು ಓಬಿ, ಅಂದರೆ ಅದಿರಿನ ಮೇಲಿರುವ ಮಣ್ಣು ಮತ್ತು ನಿರುಪಯುಕ್ತ ಕಲ್ಲು. ಒಂದು ಟನ್ ಅದಿರಿಗೆ ಎಷ್ಟು ಟನ್ ಓಬಿ ತೆಗೆಯಬೇಕೆಂದು ಗಣಿ ಯೋಜನೆ ಹೇಳುತ್ತದೆ. ಎಷ್ಟು ತೆಗೆದಿದ್ದಾರೆಂದು ಬ್ಯೂರೋಗೆ ಸಲ್ಲಿಸುವ ವಾರ್ಷಿಕ ವಿವರಪಟ್ಟಿ ಹೇಳುತ್ತದೆ. ಯೋಜನೆಯಲ್ಲಿ ಎರಡು ಟನ್ ಇದ್ದು, ಮೂರು ವರ್ಷದಿಂದ ಒಂದೇ ಟನ್ ತೆಗೆದಿದ್ದರೆ, ಆ ಮೂರು ವರ್ಷಗಳ ಲಾಭ ಮುಂದಿನ ವರ್ಷಗಳಿಂದ ತಂದ ಸಾಲ. ಬೆಂಚುಗಳು, ಅಂದರೆ ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತಗಳು, ಕಿರಿದಾಗಿ, ಹಿಟಾಚಿ ತಿರುಗಲು ಜಾಗವಿಲ್ಲದ ಸ್ಥಿತಿಗೆ ಬಂದಾಗ ಆ ಸಾಲವನ್ನು ಒಮ್ಮೆಗೇ ತೀರಿಸಬೇಕಾಗುತ್ತದೆ.

ಕೊನೆಯಲ್ಲಿ ಮಾರಾಟ ಬೆಲೆಯನ್ನು ಕಾಲು ಭಾಗ ಇಳಿಸಿ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಬೆಲೆ ಅಷ್ಟು ಬೀಳುವುದಿಲ್ಲ ಎನ್ನುವವರಿಗೆ 2022ರ ಮೇ ತಿಂಗಳನ್ನು ನೆನಪಿಸಬೇಕು. ಆ ತಿಂಗಳ 20ರಂದು ಕರ್ನಾಟಕದ ಅದಿರಿನ ರಫ್ತಿಗೆ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಎರಡೇ ದಿನದಲ್ಲಿ, 22ರಿಂದ ಕೇಂದ್ರ ಸರ್ಕಾರ ಅದಿರಿನ ರಫ್ತಿನ ಮೇಲೆ ಶೇ 50 ಸುಂಕ ಹೇರಿತು. ಆ ಏರಿಕೆಯನ್ನು ಹಿಂತೆಗೆದುಕೊಂಡಿದ್ದು ನವೆಂಬರಿನಲ್ಲಿ.

ಗುಡ್ಡೆಯನ್ನು ಕಣ್ಣಿನಿಂದ ನೋಡಿ

ಚಿಕ್ಕ ಗಣಿ ಕಂಪನಿಯ ಪುಸ್ತಕದಲ್ಲಿ ದಾಸ್ತಾನು ದೊಡ್ಡ ಅಂಕಿಯಾಗಿರುತ್ತದೆ, ಮತ್ತು ಅತಿ ಸುಲಭವಾಗಿ ತಪ್ಪಾಗುವ ಅಂಕಿಯೂ ಅದೇ. ಫೈನ್ಸ್, ಅಂದರೆ ಪುಡಿ ಅದಿರಿನ ರಾಶಿಯನ್ನು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ. ಸರ್ವೆ ಮಾಡಿ ಘನ ಅಳತೆ ತೆಗೆದು ಸಾಂದ್ರತೆಯಿಂದ ಗುಣಿಸುತ್ತಾರೆ. ಒಂದು ಲಕ್ಷ ಘನ ಮೀಟರಿನ ರಾಶಿಗೆ ಸಾಂದ್ರತೆ 2.2 ಎಂದು ಹಿಡಿದರೆ 2.2 ಲಕ್ಷ ಟನ್, 2.0 ಎಂದು ಹಿಡಿದರೆ 2 ಲಕ್ಷ ಟನ್. ಟನ್ನಿಗೆ 1,000 ರೂಪಾಯಿ ಬೆಲೆ ಕಟ್ಟಿದ್ದರೆ ಸಾಂದ್ರತೆಯಲ್ಲಿ 0.2ರಷ್ಟು ವ್ಯತ್ಯಾಸಕ್ಕೆ ಎರಡು ಕೋಟಿ ರೂಪಾಯಿ ಆಸ್ತಿ ಹುಟ್ಟುತ್ತದೆ ಅಥವಾ ಕರಗುತ್ತದೆ.

ಒಮ್ಮೆ ಹೀಗೆ ಒಂದು ಗಣಿಯ ದಾಸ್ತಾನು ನೋಡಲು ಹೋದಾಗ, ಪುಸ್ತಕದಲ್ಲಿ "ಮಾರಾಟಕ್ಕೆ ಸಿದ್ಧ" ಎಂದು ತೋರಿಸಿದ್ದ ರಾಶಿಯ ಮೇಲೆ ಮೊಣಕಾಲೆತ್ತರದ ಹುಲ್ಲೂ, ಬುಡ ಗಟ್ಟಿಯಾದ ಲಂಟಾನ ಪೊದೆಗಳೂ ಬೆಳೆದಿದ್ದವು. ರಾಶಿಯ ಪಾದದಲ್ಲಿ ಮಳೆ ನೀರು ಕೊರೆದ ಕಾಲುವೆಯಿತ್ತು. ಕೆಂಪು ಕೆಸರು ಹರಿದು ಚೆಕ್ ಡ್ಯಾಮಿನ ಹಿಂದೆ ಹಾಸಿಕೊಂಡಿತ್ತು. ಕೊಳ್ಳುವವರಿದ್ದರೆ ಆ ರಾಶಿ ಅಷ್ಟು ಮಳೆಗಾಲ ಅಲ್ಲಿ ಇರುತ್ತಿರಲಿಲ್ಲ. ಅದು ಕಡಿಮೆ ಕಬ್ಬಿಣಾಂಶದ ಅದಿರಾಗಿದ್ದು, ಸಾಗಣೆ ವೆಚ್ಚವೂ ಹುಟ್ಟುವಂತಿರಲಿಲ್ಲ. ಅಂದಿನಿಂದ ನಾನು ದಾಸ್ತಾನನ್ನು ಮೂರು ಭಾಗ ಮಾಡುತ್ತೇನೆ: ಕಳೆದ ಆರು ತಿಂಗಳಲ್ಲಿ ಅದೇ ಗ್ರೇಡ್ ಮಾರಾಟವಾಗಿದ್ದರೆ ಪೂರ್ತಿ ಹಿಡಿಯುತ್ತೇನೆ, ವರ್ಷದೊಳಗೆ ಮಾರಾಟವಾಗಿದ್ದರೆ ಅರ್ಧ, ಅದಕ್ಕಿಂತ ಹಳೆಯದಾದರೆ ಸೊನ್ನೆ. ಇದು ಒರಟು ವಿಧಾನವೇ. ಆದರೂ ಮೋಸ ಹೋಗುವುದಕ್ಕಿಂತ ಮೇಲು.

ನಗದು, ಸಾಲ ಮತ್ತು ನಿಂತ ಲಾರಿ

ಬ್ಯಾಂಕಿನಲ್ಲಿರುವ ಹಣವೆಲ್ಲ ಕೈಗೆ ಸಿಗುವ ಹಣವಲ್ಲ. ಗಣಿ ಮುಚ್ಚುವ ಯೋಜನೆಗೆ ಆರ್ಥಿಕ ಭರವಸೆಯಾಗಿ, ಹರಾಜಿನ ಕಾರ್ಯನಿರ್ವಹಣಾ ಭದ್ರತೆಯಾಗಿ ಬ್ಯಾಂಕ್ ಗ್ಯಾರಂಟಿ ಕೊಟ್ಟಿರುತ್ತಾರೆ; ಅದಕ್ಕೆ ಆಧಾರವಾಗಿ ಇಟ್ಟ ಠೇವಣಿಗಳ ಮೇಲೆ ಬ್ಯಾಂಕಿನ ಹಿಡಿತವಿರುತ್ತದೆ. ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗಳಲ್ಲಿ ಇದು ಬೇರೆಯಾಗಿ ನಮೂದಾಗಿರುತ್ತದೆ; ಅದನ್ನು ಕಳೆಯಿರಿ.

ಈಗ ಆರಂಭದಲ್ಲಿ ಹೇಳಿದ ಪರೀಕ್ಷೆ. ಸಾಗಣೆ ಪೂರ್ತಿ ನಿಂತರೂ ನಿಲ್ಲದ ತಿಂಗಳ ಖರ್ಚುಗಳನ್ನು ಕೂಡಿಸಿ. ಸಂಬಳ 40 ಲಕ್ಷ, ಬಡ್ಡಿ 60 ಲಕ್ಷ, ಅಸಲಿನ ಕಂತು 75 ಲಕ್ಷ, ಡೆಡ್ ರೆಂಟ್ (ಅದಿರು ತೆಗೆಯದಿದ್ದರೂ ಸರ್ಕಾರಕ್ಕೆ ಕಟ್ಟಬೇಕಾದ ಕನಿಷ್ಠ ಬಾಡಿಗೆ), ವಿದ್ಯುತ್, ಕಾವಲು, ಪಂಪಿಂಗ್ ಸೇರಿ 25 ಲಕ್ಷ ಎಂದುಕೊಂಡರೆ ತಿಂಗಳಿಗೆ 2 ಕೋಟಿ. ಮುಕ್ತ ನಗದು 5 ಕೋಟಿ, ಖಂಡಿತ ಬರುವ ಬಾಕಿ 4 ಕೋಟಿ, ಅದರಲ್ಲಿ ತಕ್ಷಣ ಕಟ್ಟಬೇಕಾದ ತೆರಿಗೆ ಮತ್ತು ರಾಜಧನ 1 ಕೋಟಿ ಹೋದರೆ 8 ಕೋಟಿ. ಕಂಪನಿಯ ಆಯುಷ್ಯ ನಾಲ್ಕು ತಿಂಗಳು. 2011ರಲ್ಲಿ ಬೇಕಾಗಿದ್ದು ಹದಿಮೂರು. ಹದಿಮೂರು ತಿಂಗಳು ತಡೆಯುವ ಚಿಕ್ಕ ಕಂಪನಿ ವಿರಳ ಎಂಬುದನ್ನು ಒಪ್ಪುತ್ತೇನೆ. ಆದರೆ ಆರಕ್ಕಿಂತ ಕಡಿಮೆ ಬಂದರೆ ನಾನು ದೀರ್ಘಾವಧಿಯ ಉದ್ರಿಗೆ ಸಮ್ಮತಿಸುವುದಿಲ್ಲ.

ಬಾಕಿಯಲ್ಲಿ ಖಂಡಿತ ಬರುವುದು ಯಾವುದು ಎಂದು ತಿಳಿಯಲು 2021-22ರಿಂದ ಕಂಪನಿಗಳು ಕೊಡಲೇಬೇಕಾದ, ಯಾವ ಬಾಕಿ ಎಷ್ಟು ಕಾಲದಿಂದ ಉಳಿದಿದೆ ಎಂದು ತೋರಿಸುವ ವಯೋವಾರು ಪಟ್ಟಿ ನೆರವಾಗುತ್ತದೆ. ಪ್ರವರ್ತಕರ ಬೇರೆ ಸಂಸ್ಥೆಗಳಿಗೆ, ಅವರ ನೆಂಟರ ರೈಸಿಂಗ್ ಗುತ್ತಿಗೆಗೆ (ಗಣಿಯಿಂದ ಅದಿರು ತೆಗೆದುಕೊಡುವ ಕೆಲಸದ ಗುತ್ತಿಗೆ) ಕೊಟ್ಟ ಮುಂಗಡವನ್ನು ಸೊನ್ನೆ ಎಂದೇ ಹಿಡಿಯಿರಿ.

ಪುಸ್ತಕದ ಹೊರಗಿನ ಹೊಣೆ

ಸಂಭಾವ್ಯ ಹೊಣೆಗಳ ಟಿಪ್ಪಣಿಯನ್ನು ಎರಡು ಸಲ ಓದಿ. ಪರಿಸರ ಅನುಮತಿಯಿಲ್ಲದೆ ಅಥವಾ ಅದರ ಮಿತಿ ಮೀರಿ ತೆಗೆದ ಅದಿರಿನ ಪೂರ್ತಿ ಬೆಲೆಯನ್ನು ವಸೂಲಿ ಮಾಡಬಹುದೆಂದು ಒಡಿಶಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 2ರಂದು ಹೇಳಿದೆ, ಲಾಭವನ್ನಲ್ಲ, ಬೆಲೆಯನ್ನೇ. ರಾಜಧನವು ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ತೀರ್ಪು ಕೊಟ್ಟಿತು. 2005ರ ಏಪ್ರಿಲ್ 1ರಿಂದೀಚಿನ ಬಾಕಿಯನ್ನು 2026ರ ಏಪ್ರಿಲ್‌ನಿಂದ 12 ವರ್ಷಗಳಲ್ಲಿ ಕಂತುಗಳಾಗಿ ಕೇಳಬಹುದೆಂದು ಆಗಸ್ಟ್ 14ರ ಆದೇಶ ಹೇಳುತ್ತದೆ. ಇಂಥ ಬೇಡಿಕೆಯ ನೋಟಿಸ್ ಬಂದಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಗಣಿ ಮುಚ್ಚುವ ವೆಚ್ಚಕ್ಕೆ ತೆಗೆದಿಟ್ಟ ಮೊತ್ತ ವರ್ಷದಿಂದ ವರ್ಷಕ್ಕೆ ಅಲುಗಾಡದೆ ನಿಂತಿದ್ದರೆ ಅದೂ ಒಂದು ಎಚ್ಚರಿಕೆ.

ಕಾಗದ ಎಲ್ಲಿ ಸಿಗುತ್ತದೆ

ಖಾಸಗಿ ಕಂಪನಿಯಾದರೂ ಅದು ಸಲ್ಲಿಸಿದ ಲೆಕ್ಕಪತ್ರಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿ ನೋಡಬಹುದು. ಯಾವ ಬ್ಯಾಂಕಿಗೆ ಏನನ್ನು ಅಡವಿಟ್ಟಿದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಲೆಕ್ಕಪರಿಶೋಧಕರ ವರದಿಗೆ ಕ್ಯಾರೋ ಅನುಬಂಧ (ಸರ್ಕಾರದ ಆದೇಶದಂತೆ ನಿರ್ದಿಷ್ಟ ಪ್ರಶ್ನೆಗಳಿಗೆ ಅವರು ಕೊಡುವ ಉತ್ತರಗಳ ಪಟ್ಟಿ) ಇದ್ದರೆ ಮೊದಲು ಅದನ್ನೇ ಓದಿ: ದಾಸ್ತಾನಿನಲ್ಲಿ ಶೇ 10 ಅಥವಾ ಹೆಚ್ಚಿನ ವ್ಯತ್ಯಾಸ, ಆರು ತಿಂಗಳು ಮೀರಿದ ಸರ್ಕಾರಿ ಬಾಕಿ, ಸಾಲದ ಕಂತು ತಪ್ಪಿಸಿದ್ದು, ಅಲ್ಪಾವಧಿಯ ಹಣವನ್ನು ದೀರ್ಘಾವಧಿಗೆ ಹೂಡಿದ್ದು, ಮುಂದಿನ ಒಂದು ವರ್ಷದ ಹೊಣೆಗಳನ್ನು ತೀರಿಸಬಲ್ಲದೇ ಎಂಬ ಅಭಿಪ್ರಾಯ ಎಲ್ಲವೂ ಅಲ್ಲಿರುತ್ತವೆ. ಗುತ್ತಿಗೆದಾರ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಇಂಥ ಬಹಿರಂಗ ದಾಖಲೆ ಇರುವುದಿಲ್ಲ. ಮೂರು ವರ್ಷದ ಪರಿಶೋಧಿತ ಲೆಕ್ಕ ಮತ್ತು ಜಿಎಸ್‌ಟಿ ರಿಟರ್ನ್‌ಗಳನ್ನು ಅವರಿಂದಲೇ ಪಡೆಯಬೇಕು.

ಈ ಲೆಕ್ಕಪತ್ರಗಳೆಲ್ಲ ಮಾರ್ಚ್ 31ರ ಚಿತ್ರ, ನೀವು ಓದುವುದು ಬಹುಶಃ ನವೆಂಬರಿನಲ್ಲಿ. ನಡುವಿನ ಏಳೆಂಟು ತಿಂಗಳಿಗೆ ಅದಿರು ಸಾಗಿಸಲು ಗಣಿ ಇಲಾಖೆ ಕೊಡುವ ಪರ್ಮಿಟ್‌ಗಳ ವಿವರ, ರಾಜಧನ ಕಟ್ಟಿದ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಈ ಮೂರನ್ನು ಕೇಳಿ, ತಿಂಗಳವಾರು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿ. ಪರ್ಮಿಟ್ಟಿನ ಟನ್ನುಗಳಿಗೂ ಬ್ಯಾಂಕಿಗೆ ಬಂದ ಹಣಕ್ಕೂ ಹೊಂದಿಕೆಯಾಗದ ತಿಂಗಳು ಸಿಕ್ಕರೆ, ಆ ತಿಂಗಳ ವೇ ಬ್ರಿಡ್ಜ್ ಚೀಟಿಗಳನ್ನು ತರಿಸಿಕೊಳ್ಳಿ.