ಮನೋವೈದ್ಯರ ಜರ್ನಲನ್ನು ನಾವೂ ಓದಬಹುದು, ಆದರೆ ಹಿಂದಿನಿಂದ ಓದಿ

ಮನೆಯಲ್ಲಿ ಯಾರಾದರೂ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತೇವೆ, ಅಲ್ವಾ? ವಾಟ್ಸಾಪ್‌ನಲ್ಲಿ ಬಂದಿದ್ದನ್ನು ನಂಬುವ ಬದಲು 'ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ' ನೋಡಿ. 1949ರಲ್ಲಿ ಹೆಸರಲ್ಲಿ ನ್ಯೂರಾಲಜಿಯನ್ನೂ ಸೇರಿಸಿಕೊಂಡು ಶುರುವಾಗಿ, 1958ರಿಂದ ಈಗಿನ ಹೆಸರಲ್ಲಿ ಬರುತ್ತಿದೆ. ದುಡ್ಡಿಲ್ಲದೆ ಓದಬಹುದು. ಪಬ್‌ಮೆಡ್ ಸೆಂಟ್ರಲ್ ಅನ್ನೋ ವೈದ್ಯಕೀಯ ಲೇಖನಗಳ ಉಚಿತ ವೆಬ್‌ಸೈಟಿನಲ್ಲಿ ಜರ್ನಲ್ ಹೆಸರು, ಮಾತ್ರೆಯ ಹೆಸರು ಎರಡನ್ನೂ ಹಾಕಿ ಹುಡುಕಿ. ಸಿಕ್ಕಿದ ತಕ್ಷಣ ಪಿಡಿಎಫ್ ಇಳಿಸಿಕೊಳ್ಳಿ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತೆ, ನಮ್ಮೂರಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಇಸವಿ ನೋಡಿ. ಈ ಕ್ಷೇತ್ರದಲ್ಲಿ ಕಾಯಿಲೆಗಳ ಹೆಸರೇ ಬದಲಾಗುತ್ತವೆ. ಅಮೆರಿಕದ ಇಂಥದ್ದೇ ಜರ್ನಲ್ 1844ರಲ್ಲಿ ಹುಚ್ಚಿನ ಜರ್ನಲ್ ಅಂತಲೇ ಹೊರಟಿತ್ತು, ಆ ಪದವನ್ನು ಬಿಟ್ಟಿದ್ದು 1921ರಲ್ಲಿ.

ಆಮೇಲೆ, ತೀರ್ಮಾನಕ್ಕೆ ಹಾರಬೇಡಿ. ಕೊನೆಯಲ್ಲಿ 'ಲಿಮಿಟೇಶನ್ಸ್' ಅಂತ ಒಂದು ಪ್ಯಾರಾ ಇರುತ್ತೆ, ಬರೆದವರೇ ತಮ್ಮ ಕೊರತೆ ಒಪ್ಪಿಕೊಳ್ಳುವ ಜಾಗ ಅದು, ನನಗಂತೂ ಲೇಖನದಲ್ಲೆಲ್ಲ ಅದೇ ಜಾಸ್ತಿ ಇಷ್ಟ. ಪಕ್ಕದಲ್ಲೇ ದುಡ್ಡು ಕೊಟ್ಟವರು ಯಾರು ಅಂತಲೂ ಇರುತ್ತೆ. ಅಲ್ಲಿಂದ 'ಮೆಥಡ್ಸ್'ಗೆ, ಅಂದರೆ ಅಧ್ಯಯನ ಹೇಗೆ ಮಾಡಿದರು ಅಂತ ಹೇಳುವ ಭಾಗಕ್ಕೆ ಬನ್ನಿ. ಎಷ್ಟು ಜನ? ಯಾವ ವಯಸ್ಸಿನವರು? ಎಷ್ಟು ವಾರ ನೋಡಿದರು? ಯಾವುದರ ಜೊತೆ ಹೋಲಿಸಿದರು? 'ಪಿ 0.05ಕ್ಕಿಂತ ಕಡಿಮೆ' ಅನ್ನೋದು, ಮಾತ್ರೆಯಿಂದ ಏನೂ ಆಗದಿದ್ದರೆ ಇಂಥ ವ್ಯತ್ಯಾಸ ಆಕಸ್ಮಿಕವಾಗಿ ಬರೋದು ಅಪರೂಪ ಅನ್ನುವ ಲೆಕ್ಕ, ಗುಣ ದೊಡ್ಡದು ಅಂತ ಅಲ್ಲ. ನಿದ್ರೆಯ ಪ್ರಶ್ನಾವಳಿಯಲ್ಲಿ ಒಂದೇ ಅಂಕ ಇಳಿದರೂ, ಜನ ಜಾಸ್ತಿ ಇದ್ದರೆ ಹಾಗೆ ಬರಬಹುದು.

ಇದೆಲ್ಲ ನಾನು ಪೆಟ್ಟು ತಿಂದು ಕಲಿತಿದ್ದು. ಅತ್ತೆಯ ಮಾತ್ರೆ ಬಗ್ಗೆ ಬರೀ ಸಾರಾಂಶ ಓದಿ, "ಇದು ಬೇಡ ಅತ್ತೆ" ಅಂದುಬಿಟ್ಟೆ. ಅವರು ನಂಬಿ ನಿಲ್ಲಿಸಿದರು, ವಾರದಲ್ಲಿ ನಿದ್ರೆ ಪೂರ್ತಿ ಕೆಟ್ಟಿತು, ಕಾಫಿ ಕೊಯ್ಲಿನ ನಡುವೆ ಡಾಕ್ಟರ ಹತ್ತಿರ ಓಡಬೇಕಾಯಿತು. ಡಾಕ್ಟರು ಬೈಯಲಿಲ್ಲ. ಪ್ರಿಂಟ್ ತಿರುವಿ, "ಇದು ಎಷ್ಟು ಜನರ ಮೇಲೆ?" ಅಂದರು. ಒಬ್ಬನ ಮೇಲೆ! ಕೇಸ್ ರಿಪೋರ್ಟ್ ಅಂತ ತಲೆಯಲ್ಲೇ ಬರೆದಿತ್ತು, ನಾನು ನೋಡಿರಲಿಲ್ಲ.

ಹಾಗಾಗಿ ಓದಿ, ಮಾತ್ರೆ ಮಾತ್ರ ಮುಟ್ಟಬೇಡಿ. ಡಾಕ್ಟರು ದೂರ, ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮುಂದಿನ ಸಲ ಮಡಿಕೇರಿಗೆ ಹೋಗುವಾಗ ಲೇಖನದ ಮೊದಲ ಪುಟ ಮತ್ತು ಮೆಥಡ್ಸ್ ಪುಟ ಪ್ರಿಂಟ್ ಮಾಡಿಸಿ, ಒಂದೇ ಒಂದು ಸಾಲಿಗೆ ಗೆರೆ ಎಳೆದು, ಒಂದೇ ಪ್ರಶ್ನೆ ಕೇಳಿ. ಓಪಿಡಿಯಲ್ಲಿ ಅಷ್ಟಕ್ಕೇ ಟೈಮ್ ಇರೋದು. ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಹೋಗಿ, ನನ್ನದು ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲೇ ಒದ್ದೆಯಾಗಿತ್ತು.