ಹೆಬ್ಬೆರಳಿಗೆ ಹಾಡು ಕಲಿಸಿದ್ದು

ಗಿಟಾರ್ ಹಿಡಿದು ಆರು ವರ್ಷ ಆಗಿತ್ತು. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯೋದು, ಮೇಲಿಂದ ಕೆಳಗೆ ಎಳೆಯೋದು, ಹಾಡೋದು. ಅಷ್ಟೇ ನನ್ನ ವಿದ್ಯೆ. ಆಗ ಕೇಳಿದ್ದು ಅಮೆರಿಕದ ಹಳೇ ಜಾನಪದ ಹಾಡಿನ ತಂಡ ಕಾರ್ಟರ್ ಫ್ಯಾಮಿಲಿಯ 'ವೈಲ್ಡ್‌ವುಡ್ ಫ್ಲವರ್', 1928ರ ರೆಕಾರ್ಡು. ಹಾಡಿನ ಧಾಟಿ ನುಡಿಸುವವರು ಒಬ್ಬರು, ಕಾರ್ಡ್ ಹಾಕುವವರು ಇನ್ನೊಬ್ಬರು ಅಂದುಕೊಂಡೆ. ಎರಡೂ ಮೇಬೆಲ್ ಕಾರ್ಟರ್ ಒಬ್ಬರ ಕೈಯಿಂದಲೇ ಬರುತ್ತಿತ್ತು!

ಅವರಿಗೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಸಾರಾ, ಆಕೆಯ ಗಂಡ ಎ.ಪಿ., ಜೊತೆಗೆ ಮೇಬೆಲ್, ಮೂರೇ ಜನ. ಪಿಟೀಲಿನವರಿಲ್ಲ. ಸಾರಾ ಕೈಯಲ್ಲಿ ಆಟೋಹಾರ್ಪ್, ಗುಂಡಿ ಒತ್ತಿ ಕಾರ್ಡ್ ನುಡಿಸುವ ತಂತಿವಾದ್ಯ. ಹಾಡಿನ ಧಾಟಿ ಗಿಟಾರಿನಿಂದಲೇ ಬರಬೇಕು. 1927ರ ಆಗಸ್ಟಿನಲ್ಲಿ ಅಮೆರಿಕದ ಬ್ರಿಸ್ಟಲ್ ಊರಿಗೆ ಬಂದು ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಮುಂದೆ ಮೊದಲ ಸಲ ರೆಕಾರ್ಡ್ ಮಾಡಿದಾಗ ಮೇಬೆಲ್‌ಗೆ 18 ವರ್ಷ, ತುಂಬು ಗರ್ಭಿಣಿ. ಮರುವರ್ಷ 275 ಡಾಲರ್ ಕೊಟ್ಟು ಗಿಬ್ಸನ್ ಎಲ್-5 ಗಿಟಾರ್ ಕೊಂಡರು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ.

ನಾನು ಸಿ ಕಾರ್ಡ್ ಹಿಡಿದು ಶುರು ಮಾಡಿದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಧಾಟಿ ನುಡಿಸಬೇಕು. ನಡುನಡುವೆ ತೋರುಬೆರಳು ಸಣ್ಣ ತಂತಿಗಳನ್ನು ಸವರಬೇಕು. ಹೇಳೋಕೆ ಸುಲಭ. ನನ್ನ ತೋರುಬೆರಳು ಹೆಬ್ಬೆರಳಿನ ಹಿಂದೆಯೇ ಬಾಲದ ಹಾಗೆ ಓಡುತ್ತಿತ್ತು. ಎರಡು ವಾರ ಬರೀ ಮೊದಲ ಮೂರು ಸ್ವರ. ನಾಲ್ಕನೇ ತಂತಿಯ ಎರಡನೇ ಮನೆ (ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಜಾಗ), ಮೂರನೇ ಮನೆ, ಆಮೇಲೆ ಮೂರನೇ ತಂತಿ ಖಾಲಿ.

ಅಮ್ಮ ವೀಣೆ ನುಡಿಸುತ್ತಾರೆ. ಅಡುಗೆಮನೆಯಿಂದ ಕೇಳಿ ಕೇಳಿ ಸಾಕಾಗಿ ಬಂದರು. "ಅದೇನೋ ಕುಟ್ತಾನೇ ಇದೀಯ? ನಾನು ತಾಳದ ತಂತಿ ಮೀಟುವಾಗ ಕಿರುಬೆರಳು ನೋಡ್ತೀನಾ? ಬಾಯಲ್ಲಿ ಹಾಡು ಹೇಳ್ಕೋ, ಕೈ ತಾನಾಗಿ ಬರುತ್ತೆ." ಸುಮ್ನೆ ಗುನುಗುತ್ತಾ ನುಡಿಸಿದೆ. ನಾಲ್ಕು ದಿನಕ್ಕೆ ಮೊದಲ ಸಾಲು ಬಂತು.

ರೆಕಾರ್ಡಿನ ಜೊತೆ ನುಡಿಸಿದರೆ ಮಾತ್ರ ಶ್ರುತಿ ಸೇರುತ್ತಿರಲಿಲ್ಲ. ಗಿಟಾರೇ ಕೆಟ್ಟಿದೆ ಅಂತ ಬೈದುಕೊಂಡೆ. ಮೇಬೆಲ್ ತಂತಿಗಳ ಶ್ರುತಿಯನ್ನು ಎಷ್ಟೋ ಸಲ ಇಳಿಸಿಕೊಂಡು ನುಡಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ನಾನೂ ಇಳಿಸಿದೆ. ಧಾಟಿ ಎರಡನೇ ತಂತಿಗೆ ಹತ್ತುವ ಜಾಗದಲ್ಲಿ ಹೆಬ್ಬೆರಳು ಈಗಲೂ ಎಡವುತ್ತೆ.

"ಆಯಮ್ಮ ಈಗಲೂ ಇದ್ದಾರಾ?" ಅಂತ ಅಮ್ಮ ಕೇಳಿದರು. 1978ರಲ್ಲೇ ತೀರಿಕೊಂಡರು, ಗಿಟಾರ್ ನ್ಯಾಶ್‌ವಿಲ್‌ನ ಮ್ಯೂಸಿಯಂನಲ್ಲಿದೆ ಅಂದೆ.

"ಮ್ಯೂಸಿಯಂನಲ್ಲಾ? ಯಾರಾದ್ರೂ ಆಗಾಗ ನುಡಿಸ್ತಾರೇನೋ?"