ಘಾಟಿಯಲ್ಲಿ ಕಾರು ನಿಂತರೆ: ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ಬಗ್ಗೆ ಟೋಯಿಂಗ್ ಕೆಲಸದ ಅನುಭವ

ಚಿಕ್ಕಮಗಳೂರಿನಲ್ಲಿ ನನ್ನದು ಟೋಯಿಂಗ್, ಅಂದರೆ ಕೆಟ್ಟು ನಿಂತ ಕಾರನ್ನು ಎಳೆದೊಯ್ಯುವ ಕೆಲಸ. ಕಾರು ಕಂಪನಿಗಳ ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಕಾರು ಕೆಟ್ಟಾಗ ಸಿಗುವ ನೆರವು) ಕರೆ ನಮಗೆ ನೇರವಾಗಿ ಬರುವುದಿಲ್ಲ. ನೀವು ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೆ ಎತ್ತುವುದು ದೂರದ ಊರಿನ ಕಾಲ್ ಸೆಂಟರ್. ಎಷ್ಟೋ ಕಂಪನಿಗಳು ಈ ಕೆಲಸವನ್ನು ಬೇರೆ ಸಂಸ್ಥೆಗೆ ಗುತ್ತಿಗೆ ಕೊಟ್ಟಿರುತ್ತವೆ. ಅವರು ಕೇಸ್ ನಂಬರ್ ಹಾಕಿ, ಆ ಕಡೆ ಯಾರ ಟೋಯಿಂಗ್ ಗಾಡಿ ಖಾಲಿ ಇದೆ ಎಂದು ಹುಡುಕುತ್ತಾರೆ. ಕೊನೆಗೆ ನನ್ನ ಮೊಬೈಲಿಗೆ ಬಂದು ಮುಟ್ಟುವುದು ಕಾರಿನ ನಂಬರ್, ಮಾಡೆಲ್, ಜಾಗ, ತೊಂದರೆ ಇಷ್ಟೇ. ಇದರಲ್ಲಿ ಒಂದು ತಪ್ಪಿದರೂ ಬರಬಾರದ ಗಾಡಿ ಹೋಗಬಾರದ ಕಡೆಗೆ ಹೊರಡುತ್ತದೆ, ಮಳೆಯಲ್ಲಿ ಕಾಯುವವರು ನೀವು.

ಹೆಚ್ಚು ಎಡವಟ್ಟಾಗುವುದು ಜಾಗದ ವಿಷಯದಲ್ಲಿ. ಆಲೂರು ಹಾಸನದ ಪಕ್ಕ, ಆಲ್ದೂರು ಚಿಕ್ಕಮಗಳೂರಿನ ಪಕ್ಕ. ಫೋನಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಟೈಪ್ ಮಾಡುವ ಹೊರ ರಾಜ್ಯದವರಿಗೆ ಎರಡೂ ಒಂದೇ. ಕೊಪ್ಪ ಎಂದರೆ ಮದ್ದೂರು ತಾಲೂಕಿನ ಕೊಪ್ಪವೂ ಆಗಬಹುದು, ಕೊಪ್ಪಳವೂ ಆಗಬಹುದು. ಅದಕ್ಕೆ ಊರಿನ ಹೆಸರಿನ ಜೊತೆ ಜಿಲ್ಲೆ ಮತ್ತು ಪಿನ್ ಕೋಡ್ ಹೇಳಿ: ಹಾಸನ ಜಿಲ್ಲೆಯದು 573ರಿಂದ, ಚಿಕ್ಕಮಗಳೂರಿನದು 577ರಿಂದ ಶುರು. ಕಾಲ್ ಸೆಂಟರಿನವರು ಕಳಿಸುವ ಲೊಕೇಶನ್ ಲಿಂಕ್ ಡೇಟಾ ಇಲ್ಲದೆ ತೆರೆಯುವುದಿಲ್ಲ, ಚಾರ್ಮಾಡಿ ಮತ್ತು ಬಿಸಿಲೆ ಕಡೆ ಡೇಟಾ ಸಿಗದ ತಿರುವುಗಳೇ ಹೆಚ್ಚು. ಅಂಥ ಕಡೆ ಕಿಲೋಮೀಟರ್ ಕಲ್ಲು ನೋಡಿ. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿನ ಊರು, ಅಂಕಿ, ನೀವು ಘಾಟಿ ಹತ್ತುತ್ತಿದ್ದಿರೋ ಇಳಿಯುತ್ತಿದ್ದಿರೋ ಎಂಬುದನ್ನು ಹೇಳಿದರೆ ನನಗೆ ಮ್ಯಾಪ್ ಬೇಕಾಗುವುದಿಲ್ಲ. ಮ್ಯಾಪ್ ಆಫ್‌ಲೈನ್ ತೆರೆದರೂ ಅಕ್ಷಾಂಶ ರೇಖಾಂಶದ ಅಂಕಿ ಸಿಗುತ್ತದೆ, ಅದನ್ನು ಮಾಮೂಲಿ ಎಸ್‌ಎಂಎಸ್‌ನಲ್ಲೇ ಕಳಿಸಬಹುದು. ಕೇಸ್ ನಂಬರ್ ಬಂದ ಕೂಡಲೇ ಟೋಯಿಂಗ್ ಗಾಡಿಯವರ ನಂಬರ್ ಕೇಳಿ ಪಡೆದು ಅವರೊಂದಿಗೆ ಕನ್ನಡದಲ್ಲಿ ಮಾತಾಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಆಮೇಲೆ ನಾನು ಕೇಳುವುದು ಕಾರಿನ ಬಗ್ಗೆ: ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ, ನಾಲ್ಕೂ ಚಕ್ರ ಉರುಳುತ್ತವೆಯೋ, ರಸ್ತೆಯ ಮೇಲಿದೆಯೋ ಚರಂಡಿಗಿಳಿದಿದೆಯೋ. ಮುಂದಿನ ಚಕ್ರದಿಂದ ಓಡುವ ಕಾರಾದರೆ ಮುಂಭಾಗ ಎತ್ತಿ ಎಳೆಯಬಹುದು. ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಹಿಂದಿನ ಚಕ್ರದಿಂದ ಓಡುವವನ್ನು ಹಾಗೆ ಎಳೆದರೆ ಗೇರ್‌ಬಾಕ್ಸಿನ ಒಳಗೆ ಆಯಿಲ್ ಸರಿಯಾಗಿ ತಿರುಗದೆ ಬೇರಿಂಗ್ ಸವೆಯುತ್ತದೆ. ಆಲ್‌ವೀಲ್ ಡ್ರೈವ್ (ನಾಲ್ಕೂ ಚಕ್ರದಿಂದ ಓಡುವ) ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ಫ್ಲಾಟ್‌ಬೆಡ್ಡೇ, ಅಂದರೆ ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಗಾಡಿಯೇ ಬೇಕು. ಎಲೆಕ್ಟ್ರಿಕ್ ಕಾರಿನ ಮೋಟಾರಿಗೆ ಸೇರಿದ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ಕರೆಂಟ್ ಹುಟ್ಟಿಸಿ ಒಳಗಿನ ಎಲೆಕ್ಟ್ರಾನಿಕ್ಸ್ ಹಾಳು ಮಾಡಬಹುದು. ಆಟೋಮ್ಯಾಟಿಕ್ ಕಾರಿಗೂ ನಾನು ಫ್ಲಾಟ್‌ಬೆಡ್ಡನ್ನೇ ಒಯ್ಯುತ್ತೇನೆ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಬ್ಯಾಟರಿ ಸತ್ತರೆ ಹಿಂದಿನ ಚಕ್ರ ಲಾಕ್ ಆಗಿಯೇ ಉಳಿಯುತ್ತದೆ. ಮೊದಲೇ ತಿಳಿದರೆ ಚಕ್ರದಡಿ ಕೊಡುವ ಡಾಲಿ ಜೊತೆಗಿಟ್ಟುಕೊಂಡು ಬರುತ್ತೇನೆ. ಸೀತಾಳಯ್ಯನಗಿರಿಯಿಂದ ಮೇಲೆ ಮುಳ್ಳಯ್ಯನಗಿರಿ ರಸ್ತೆ ತೀರಾ ಕಿರಿದು, ಉದ್ದನೆಯ ಫ್ಲಾಟ್‌ಬೆಡ್ ಅಲ್ಲಿ ತಿರುಗುವುದು ಬಹಳ ಕಷ್ಟ. ಕಾರು ಎಲ್ಲಿ ನಿಂತಿದೆ ಎಂದು ಸರಿಯಾಗಿ ಗೊತ್ತಿದ್ದರೆ ಚಿಕ್ಕ ಗಾಡಿ ತಂದು ಮೊದಲು ಅಗಲ ಜಾಗಕ್ಕೆ ಇಳಿಸಿಕೊಳ್ಳುತ್ತೇವೆ.

ಬಂಪರಿನ ಚಿಕ್ಕ ಮುಚ್ಚಳದ ಒಳಗೆ ತಿರುಗಿಸಿ ಕೂರಿಸುವ ಎಳೆಯುವ ಕೊಕ್ಕೆ ಸ್ಟೆಪ್ನಿ ಜಾಗದ ಟೂಲ್ ಕಿಟ್‌ನಲ್ಲಿರುತ್ತದೆ. ಅದನ್ನು ತೆಗೆದಿಟ್ಟಿರಿ. ಕೆಲವು ಕಾರುಗಳಲ್ಲಿ ಅದರ ಮರೆ (ಥ್ರೆಡ್) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಪೂರ್ತಿ ಕೊನೆವರೆಗೆ ಕೂರದಿದ್ದರೆ ವಿಂಚ್ (ನಮ್ಮ ಗಾಡಿಯ ಹಗ್ಗ ಸುತ್ತುವ ಯಂತ್ರ) ಎಳೆದಾಗ ಮರೆಯೇ ಕಿತ್ತು ಬರುತ್ತದೆ. ಸಸ್ಪೆನ್ಶನ್ ಆರ್ಮ್‌ಗೆ ಕೊಕ್ಕೆ ಹಾಕಲು ಯಾರಿಗೂ ಬಿಡಬೇಡಿ, ಅಲೈನ್‌ಮೆಂಟ್ ಹೋಗುತ್ತದೆ. ಫ್ಲಾಟ್‌ಬೆಡ್ ಮೇಲೆ ಬೆಲ್ಟ್ ಬೀಳಬೇಕಾದ್ದು ಟಯರಿನ ಮೇಲೆ.

ನಾವು ಬರುವವರೆಗೆ ತ್ರಿಕೋನದ ರಿಫ್ಲೆಕ್ಟರ್ ಇಡಿ. ನೇರ ರಸ್ತೆಯಲ್ಲಿ ಕಾರಿನಿಂದ 50 ಮೀಟರ್ ಹಿಂದೆ ಸಾಕು. ಘಾಟಿಯಲ್ಲಿ ಅಳತೆಗಿಂತ ತಿರುವು ಮುಖ್ಯ, ಬರುವ ಲಾರಿಯವನಿಗೆ ತಿರುವಿಗೆ ಮೊದಲೇ ಕಾಣಬೇಕು. ಒಳಗೆ ಕೂರದೆ ತಡೆಗೋಡೆಯ ಆಚೆ ಸುರಕ್ಷಿತ ಜಾಗವಿದ್ದರೆ ಅಲ್ಲಿ ನಿಲ್ಲಿ. ಮಳೆಗಾಲದಲ್ಲಿ ಧರೆಯ (ರಸ್ತೆ ಬದಿಯ ಮಣ್ಣಿನ ಗೋಡೆಯ) ಕೆಳಗೆ ಮಾತ್ರ ನಿಲ್ಲಬೇಡಿ. ಕಾರು ಹೆದ್ದಾರಿಯ ನಡುವೆಯೇ ನಿಂತಿದ್ದರೆ ಕಂಪನಿಗಿಂತ ಮೊದಲು 1033ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಗಾಯವಾಗಿದ್ದರೆ 112. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಕಾರನ್ನು ಉರುಳಿಸಿಕೊಂಡು ಬರುವುದು ಬೇಡವೇ ಬೇಡ. ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಬ್ರೇಕಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗೂ ಭಾರವಾಗುತ್ತದೆ.

ಎಷ್ಟೋ ಕರೆಗಳಿಗೆ ಟೋಯಿಂಗೇ ಬೇಕಿಲ್ಲ, ಬ್ಯಾಟರಿಯಲ್ಲೇ ಮುಗಿಯುತ್ತವೆ. ಹೋಂಸ್ಟೇ ಅಂಗಳದಲ್ಲಿ ರಾತ್ರಿಯಿಡೀ ಲೈಟ್ ಉರಿದ ಕಾರು ಬೆಳಿಗ್ಗೆ ಟಕ್ ಟಕ್ ಎನ್ನುತ್ತದೆ. ನಾನು ಮೊದಲು ವೋಲ್ಟ್ ನೋಡುತ್ತೇನೆ. 12.6 ಪೂರ್ತಿ, 12.2 ಅರ್ಧ, 11.8ಕ್ಕಿಂತ ಕೆಳಗೆ ಖಾಲಿ. ಖಾಲಿಯಾಗಿದ್ದರೆ ಇನ್ನೊಂದು ಒಳ್ಳೆಯ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವುದು: ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಒಳ್ಳೆಯದರ ಪ್ಲಸ್ಸಿಗೆ. ಕಪ್ಪನ್ನು ಒಳ್ಳೆಯದರ ಮೈನಸ್ಸಿಗೆ ಹಾಕಿ, ಕೊನೆಯ ತುದಿಯನ್ನು ಸತ್ತ ಕಾರಿನ ಇಂಜಿನ್ನಿನ ಬರಿಯ ಲೋಹಕ್ಕೆ. ಸ್ಟಾರ್ಟ್-ಸ್ಟಾಪ್ (ಸಿಗ್ನಲಿನಲ್ಲಿ ಇಂಜಿನ್ ತಾನೇ ನಿಂತು ಶುರುವಾಗುವ ವ್ಯವಸ್ಥೆ) ಇರುವ ಎಷ್ಟೋ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಕೂತಿರುತ್ತದೆ, ಅಲ್ಲಿ ಕಚ್ಚಿಸಬಾರದೆಂಬುದಕ್ಕೆ ಅದೂ ಒಂದು ಕಾರಣ. ಸ್ಟಾರ್ಟ್ ಆದ ಮೇಲೆ ಮತ್ತೆ ವೋಲ್ಟ್ ನೋಡಬೇಕು. ಮಾಮೂಲಿ ಕಾರಿನಲ್ಲಿ 13.8ರಿಂದ 14.4 ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿ. 12ರ ಆಸುಪಾಸಿನಲ್ಲೇ ಇಳಿಯುತ್ತಾ ಹೋದರೆ ಆ ಕಾರನ್ನು ಓಡಿಸಲು ನಾನು ಕೊಡುವುದಿಲ್ಲ. ಲೈಟ್, ವೈಪರ್, ಎಲೆಕ್ಟ್ರಿಕ್ ಸ್ಟಿಯರಿಂಗ್ ಎಲ್ಲವೂ ಅದೇ ಬ್ಯಾಟರಿಯನ್ನು ತಿಂದು ದಾರಿಯ ನಡುವೆ ಮತ್ತೆ ನಿಲ್ಲಿಸುತ್ತವೆ. ಅದನ್ನು ಟೋಯಿಂಗ್ ಕೇಸಾಗಿ ಬದಲಿಸಿಕೊಳ್ಳಿ. ಎಲೆಕ್ಟ್ರಿಕ್ ಕಾರು ಪೂರ್ತಿ ಸತ್ತಂತೆ ಕಂಡರೂ ಒಮ್ಮೊಮ್ಮೆ ಹೋಗಿರುವುದು ಚಿಕ್ಕ 12 ವೋಲ್ಟಿನ ಬ್ಯಾಟರಿ ಮಾತ್ರ. ಅದರ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಯಾರೂ ಮುಟ್ಟಬಾರದು.

ಪಂಕ್ಚರ್ ಎಂದರೆ ನಾವು ಮಾಡುವುದು ಸ್ಟೆಪ್ನಿ ಬದಲಾವಣೆ, ಪಂಕ್ಚರ್ ಹಾಕುವ ಖರ್ಚು ನಿಮ್ಮದು. ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲದಿದ್ದರೆ ಬದಲಾವಣೆಯ ಕೇಸು ಟೋಯಿಂಗ್ ಆಗುತ್ತದೆ. ವೀಲ್ ಲಾಕ್ ನಟ್ಟಿನ ಕೀ ಕಾರಿನಲ್ಲೇ ಇರಲಿ. ಮಲೆನಾಡಿನ ತೇವಕ್ಕೆ ಅಲಾಯ್ ವೀಲ್ ಹಬ್‌ಗೆ ಕಚ್ಚಿಕೊಂಡಿರುತ್ತದೆ, ಆಗ ನಟ್ ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿ ಟಯರಿನ ಪಕ್ಕಕ್ಕೆ ಒದ್ದರೆ ಬಿಡುತ್ತದೆ. ಚಿಕ್ಕ ಸ್ಟೆಪ್ನಿಯಲ್ಲಿ 80 ದಾಟಬೇಡಿ.

ಹಣದ ಜಗಳ ಬರುವುದು ಕಿಲೋಮೀಟರಿನಿಂದ. ಕೊಟ್ಟಿಗೆಹಾರದಿಂದ ಚಿಕ್ಕಮಗಳೂರಿಗೆ ಸುಮಾರು 50 ಕಿ.ಮೀ. ನಿಮ್ಮ ಯೋಜನೆಯಲ್ಲಿ 50 ಉಚಿತ ಎಂದಿದ್ದರೆ ಎಣಿಕೆ ಎಲ್ಲಿಂದ ಎಂದು ಕರೆಯಲ್ಲೇ ಕೇಳಿ. ಕಾರು ನಿಂತ ಜಾಗದಿಂದ ವರ್ಕ್‌ಶಾಪಿಗೋ, ನನ್ನ ಗಾಡಿ ಹೊರಟಲ್ಲಿಂದ ಹೋಗಿ ಬರುವ ಲೆಕ್ಕವೋ? ಎರಡರ ನಡುವೆ ಸಾವಿರಾರು ರೂಪಾಯಿ ವ್ಯತ್ಯಾಸ. ಹೆಚ್ಚುವರಿ ದರವನ್ನು ಮೆಸೇಜಿನಲ್ಲಿ ತರಿಸಿಕೊಂಡ ಮೇಲೆಯೇ ಒಪ್ಪಿಗೆ ಕೊಡಿ. ಚರಂಡಿಯಿಂದ ಎತ್ತುವುದು ಟೋಯಿಂಗ್ ಅಲ್ಲ, ರಿಕವರಿ. ಅದಕ್ಕೆ ಸಾಮಾನ್ಯವಾಗಿ ಬೇರೆ ದರ. ತೋಟದೊಳಗಿನ ಕೆಸರು ರಸ್ತೆಗೆ ಟೋಯಿಂಗ್ ಗಾಡಿ ಬರಲಾರದು, ಟ್ರಾಕ್ಟರಿನಲ್ಲಿ ಡಾಂಬರ್ ರಸ್ತೆಗೆ ತಂದು ಕರೆ ಮಾಡುವುದು ಲೇಸು. ಅಪಘಾತವಾದರೆ ಕಾರು ಅಲುಗಿಸುವ ಮೊದಲು ಫೋಟೊ ತೆಗೆದು ಇನ್ಶೂರೆನ್ಸಿನವರಿಗೂ ತಿಳಿಸಿ. ನಿಮ್ಮ ಕಾರಿನ ಹಾನಿಗೂ ರಕ್ಷಣೆ (ಓನ್ ಡ್ಯಾಮೇಜ್) ಇರುವ ಪಾಲಿಸಿಯಲ್ಲಿ ಅಪಘಾತದ ಟೋಯಿಂಗಿಗೆ ಮಾಮೂಲಿಯಾಗಿ ಸಿಗುವುದು 1,500 ರೂಪಾಯಿವರೆಗೆ ಮಾತ್ರ. ಹಳ್ಳದ ನೀರು ಇಂಜಿನ್ ಒಳಗೆ ಹೋಗಿದ್ದರೆ, ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದಿದ್ದರೆ ಕೀ ತಿರುಗಿಸಲೇಬೇಡಿ, ನೇರ ಟೋಯಿಂಗ್ ಕೇಳಿ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೂ ರಾತ್ರಿ ಸಂಚಾರಕ್ಕೂ ಆಗಾಗ ನಿರ್ಬಂಧ ಬೀಳುತ್ತದೆ. ಅಂಥ ದಿನ ಕಾರನ್ನು ಮೇಲಕ್ಕೆ ಒಯ್ಯಬೇಕೋ ಕರಾವಳಿಗೆ ಇಳಿಸಬೇಕೋ ಎಂಬುದನ್ನು ಕಾಲ್ ಸೆಂಟರಿಗೆ ಬಿಡದೆ ಟೋಯಿಂಗ್ ಗಾಡಿಯವರನ್ನೇ ಕೇಳಿ ನಿರ್ಧರಿಸಿ. ರಾತ್ರಿ ವರ್ಕ್‌ಶಾಪ್ ಮುಚ್ಚಿರುತ್ತದೆ, ಕಾರು ಬೆಳಗಿನವರೆಗೆ ಯಾರ ಯಾರ್ಡಿನಲ್ಲಿರುತ್ತದೆ, ಬಾಡಿಗೆ ಉಂಟೇ ಎಂದು ತಿಳಿದುಕೊಳ್ಳಿ. ಕಾರು ಹತ್ತಿಸುವ ಮುನ್ನ ನಾಲ್ಕೂ ಕಡೆಯ, ಓಡೋಮೀಟರಿನ ಫೋಟೊ ತೆಗೆಯಿರಿ, ಜಾಬ್ ಶೀಟಿನಲ್ಲಿ ಹಳೆಯ ಗೀರುಗಳನ್ನು ಬರೆಸಿ ಇಬ್ಬರೂ ಸಹಿ ಮಾಡಿ. ಹಾಸನದಿಂದ ಬೆಂಗಳೂರಿನ ಕಡೆಗೆ ಒಯ್ಯುವುದಾದರೆ ಶಾಂತಿಗ್ರಾಮ ಟೋಲಿನಲ್ಲಿ ಫ್ಲಾಟ್‌ಬೆಡ್ ಮೇಲಿರುವ ನಿಮ್ಮ ಕಾರಿನ ಫಾಸ್ಟ್‌ಟ್ಯಾಗನ್ನೂ ಯಂತ್ರ ಓದಿಬಿಡಬಹುದು. ಹಣ ಕಡಿತವಾದ ಮೆಸೇಜ್ ಬಂದರೆ ಜಾಬ್ ಶೀಟ್ ಲಗತ್ತಿಸಿ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ.